ಅರ್ಧ ಕಲಿತ ಪಟ್ಟು

ಚಿಕ್ಕೋಡಿ ಬಸ್ ಸ್ಟ್ಯಾಂಡಿನ ಎದುರು ಝೆರಾಕ್ಸ್ ಅಂಗಡಿಯ ಮೇಲಿನ ಮಹಡಿಯಲ್ಲಿ ಸುರಜನ ಗೇಮ್ ಸೆಂಟರ್ ಇದೆ. ಒಂದು ಶನಿವಾರ ಸಂಜೆ ಐದು ಗಂಟೆಗೆ ಉಜ್ವಲಾ ಅಲ್ಲಿ ಸೋತಳು.

ಆರು ತಿಂಗಳಿಂದ ಫೈಟಿಂಗ್ ಗೇಮಿನಲ್ಲಿ ಅವಳನ್ನು ಅಲ್ಲಿ ಯಾರೂ ಸೋಲಿಸಿರಲಿಲ್ಲ. ಅವತ್ತು ಸೋಲಿಸಿದವನು ಕಂಟ್ರೋಲರನ್ನು ತಲೆಕೆಳಗಾಗಿ ಹಿಡಿದು ಕೂತಿದ್ದ! ಅದನ್ನು ನೆಟ್ಟಗೆ ತಿರುಗಿಸಿ ಕೊಟ್ಟಿದ್ದೇ ಸುರಜ.

ಅಷ್ಟೇ ಆಗಿದ್ದರೆ ಸುಮ್ಮನಿರುತ್ತಿದ್ದಳೇನೋ. ಗೆದ್ದ ಮೇಲೆ ಅವನು ಎದ್ದು ನಿಂತು, ಪರದೆಯ ಮೇಲಿನ ತನ್ನ ಡೊಳ್ಳುಹೊಟ್ಟೆಯ ಪೈಲ್ವಾನನ ಜೊತೆಗೆ ತಾನೂ ಸೊಂಟ ಕುಣಿಸಿದ. ಸೆಂಟರಿನಲ್ಲಿದ್ದವರೆಲ್ಲ ನಕ್ಕರು.

ಉಜ್ವಲಾಳ ಕಿವಿ ಬಿಸಿಯಾದವು. ಮೂರನೇ ರೌಂಡಿನಲ್ಲಿ ಹೊಡೆದದ್ದು ಯಾವ ಪಟ್ಟು ಎಂದು ಕೇಳಿದಳು.

"ಯಾವ್ದೋ ಗೊತ್ತಿಲ್ಲರಿ. ಇದ್ದಬಿದ್ದ ಬಟನ್ ಎಲ್ಲಾ ಒತ್ತೀನಿ."

"ಹಂಗ ಬಡಿಯೂದಕ್ಕ ಆಟ ಅನ್ನಂಗಿಲ್ಲರಿ. ಕಣದಾಗ ತೆನಿ ಬಡದು ರಾಶಿ ಮಾಡೂದು ಅಂತಾರ."

"ರೈತರ ಮಕ್ಕಳರಿ ನಾವು," ಅಂದ ಅವನು ಒಂಚೂರೂ ಬೇಜಾರಿಲ್ಲದೆ. "ಅದೊಂದು ಚೊಲೋ ಬರತೈತಿ."

ಅವಳು ಬ್ಯಾಗು ಎತ್ತಿಕೊಂಡು ದಡದಡ ಮೆಟ್ಟಿಲಿಳಿದಳು. ಏಕಸಂಬಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಮೇಲೂ ಅವನ ಆ ಕುಣಿತ ಕಣ್ಣಿಂದ ಹೋಗಲಿಲ್ಲ. 'ಏನ್ ಮನಷ್ಯಾ! ಗೆದ್ದು ಕುಣೀತಾನ, ಹೆಂಗ ಗೆದ್ದೆ ಅನ್ನೂದ ಗೊತ್ತಿಲ್ಲ...'

ಸೋಮವಾರ ಮತ್ತೆ ನೆನಪಾಯಿತು. ಮಂಗಳವಾರವೂ.

ಉಜ್ವಲಾ ಚಿಕ್ಕೋಡಿಯ ಒಂದು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್. ಊರು ಏಕಸಂಬಿ. ಅಪ್ಪ ತಾತ್ಯಾಸಾಹೇಬ ಒಂದು ಕಾಲಕ್ಕೆ ಹೆಸರಾದ ಪೈಲ್ವಾನ, ಈಗ ನಾಲ್ಕು ಎಮ್ಮೆ ಕಟ್ಟಿಕೊಂಡು ಹಾಯಾಗಿದ್ದಾನೆ. ಬೆಳಗಾವಿಯಲ್ಲಿ ಓದುವಾಗ ಅವಳಿಗೆ ಈ ಆಟದ ಹುಚ್ಚು ಹತ್ತಿತ್ತು. ಮೊದಮೊದಲು ಅಲ್ಲಿನ ಹುಡುಗರು ಅವಳ ಎದುರು ಕೈ ಸಡಿಲ ಬಿಟ್ಟು ಆಡುತ್ತಿದ್ದರು. 'ಹುಡುಗಿ ಐತಿ, ಒಂದ್ ರೌಂಡ್ ಬಿಡ್ರಿ' ಎಂದು ಒಬ್ಬರಿಗೊಬ್ಬರು ಕಣ್ಣು ಹೊಡೆಯುತ್ತಿದ್ದರು. ಹಾಗೆ ಸಿಕ್ಕ ಗೆಲುವು ಅವಳಿಗೆ ಎಂಜಲಿನಂತೆ ಅನಿಸುತ್ತಿತ್ತು.

ಆಗಲೇ ಹಟ ಹಿಡಿದಳು. ಯಾವ ಒದೆತ ಎಷ್ಟು ಹೊತ್ತಿಗೆ ತಾಗುತ್ತದೆ, ಯಾವುದನ್ನು ತಡೆದರೆ ಎದುರಾಳಿ ಏಟಿಗೆ ಸಿಗುತ್ತಾನೆ ಎಂದು ಒಂದೊಂದನ್ನೇ ನೂರಾರು ಸಲ ಅಭ್ಯಾಸ ಮಾಡಿದಳು. ಒಂದರ ಹಿಂದೊಂದು ಬಿಡುವಿಲ್ಲದೆ ಬೀಳುವ ಏಟುಗಳಿಗೆ ಕಾಂಬೊ ಅನ್ನುತ್ತಾರೆ. ಅವಳ ಕಾಂಬೊ ಶುರುವಾದರೆ ಎದುರಿನವರು ಕೈ ಬಿಟ್ಟು ನೋಡುತ್ತ ಕೂರಬೇಕು, ಅಷ್ಟು ಚೊಕ್ಕ.

ಮುಂದಿನ ಶನಿವಾರ ಅವನು ಮತ್ತೆ ಬಂದ.

ಹೆಸರು ವಿಕ್ರಾಂತ. ಸುರಜನ ಹಳೆಯ ಗೆಳೆಯ. ಕೃಷ್ಣಾ ದಂಡೆಯ ಜುಗೂಳದ ಕಬ್ಬು, ದ್ರಾಕ್ಷಿ ಬೆಳೆಯುವ ಮನೆತನದವನು. ಕಾಗವಾಡದಲ್ಲಿ ಹನಿ ನೀರಾವರಿಯ ಪೈಪಿನ ಅಂಗಡಿ ಇಟ್ಟಿದ್ದ. ಆರ್ಡರ್ ಹಿಡಿಯಲು ಚಿಕ್ಕೋಡಿಗೆ ಬಂದಾಗ ಮೆಟ್ಟಿಲು ಹತ್ತುತ್ತಿದ್ದ.

ಅವತ್ತು ಅವಳು ಗೆದ್ದಳು. ಆಮೇಲಿನ ವಾರ ಅವನು. ಅವನ ಪೈಲ್ವಾನ ಹಗ್ಗ ಬಿಚ್ಚಿದ ಹೋತದಂತೆ ಎತ್ತೆತ್ತಲೋ ಜಿಗಿಯುತ್ತಿದ್ದ. ಯಾವ ಪುಸ್ತಕದಲ್ಲೂ ಇಲ್ಲದ ಕಡೆಯಿಂದ ಏಟು ಬರುತ್ತಿತ್ತು. ಉಜ್ವಲಾ ಹಲ್ಲು ಕಚ್ಚಿ ಆಡುತ್ತ ಆಡುತ್ತ... ಒಂದು ದಿನ ತನಗೇ ತಿಳಿಯದಂತೆ ನಕ್ಕುಬಿಟ್ಟಳು. ಆಟದ ನಡುವೆ ಅವಳು ನಕ್ಕದ್ದು ಅದೇ ಮೊದಲು.

ಆಟ ಮುಗಿದ ಮೇಲೆ ಕೆಳಗಿನ ಕ್ಯಾಂಟೀನಿನಲ್ಲಿ ಚಹಾ ರೂಢಿಯಾಯಿತು. ಗೆಲ್ಲಬೇಕು ಅಂತ ಇಲ್ಲದಿದ್ದರೆ ಆಡುವುದೇಕೆ ಎಂದು ಅವಳು ಒಮ್ಮೆ ಕೇಳಿದಳು.

ವಿಕ್ರಾಂತ ಚಹಾದ ಲೋಟ ಕೆಳಗಿಟ್ಟು ಹೇಳಿದ. "ದಿನಾ ಪೈಪಿಗೆ ತೂತು ಹಾಕೂದ್ರಿ ನನ್ನ ಕೆಲಸ. ಇಷ್ಟ ಇಂಚಿಗೆ ಒಂದು, ಇಷ್ಟ ಅಗಲ. ಅಳತಿ ತಪ್ಪಿದ್ರ ಗಿಡ ಒಣಗತಾವ. ಅದಕ್ಕ ಇಲ್ಲೆರೆ ಅಳತಿ ಇರಬಾರದು ಅನಸತೈತಿ."

ಅವಳಿಗೆ ತನ್ನ ಲ್ಯಾಬು ನೆನಪಾಯಿತು. ಅಲ್ಲಿಯೂ ಅಳತೆಯೇ. ಆದರೆ ಅವಳು ಎಷ್ಟೇ ಸರಿಯಾಗಿ ಮಾಡಿದರೂ ರಿಪೋರ್ಟಿನ ಕೆಳಗೆ ಬೇರೆಯವರ ಸಹಿ. ಆಟದ ಗೆಲುವೊಂದೇ ಪೂರ್ತಿ ತನ್ನದು. ಬೆಳಗಾವಿಯ ಆ ಹುಡುಗರ ಕತೆಯನ್ನೂ ಅವನಿಗೆ ಹೇಳಿದಳು, ಯಾರಿಗೂ ಹೇಳದಿದ್ದದ್ದನ್ನು. ಕೊನೆಗೆ ಒಂದು ಮಾತು ಸೇರಿಸಿದಳು.

"ನನ್ನ ಮುಂದ ಬೇಕಾದಂಗ ಆಡ್ರಿ. ಆದ್ರ ಬೇಕಂತ ಮಾತ್ರ ಸೋಲಬ್ಯಾಡ್ರಿ."

ಅವನು ನಗಲಿಲ್ಲ. ಹೂಂ ಎಂದು ತಲೆಯಾಡಿಸಿದ. ಆ ಗಂಭೀರ ಮುಖ ನೋಡಿ ಅವಳ ಎದೆ ಯಾಕೋ ಹಗುರಾಯಿತು.

ಅಷ್ಟರಲ್ಲಿ ನಿಪ್ಪಾಣಿಯಲ್ಲಿ ಟೂರ್ನಮೆಂಟ್ ಇದೆ ಎಂಬ ಸುದ್ದಿ ಬಂತು. ಕೊಲ್ಹಾಪುರ, ಇಚಲಕರಂಜಿ, ಬೆಳಗಾವಿಯಿಂದೆಲ್ಲ ಆಟಗಾರರು ಬರುವವರಿದ್ದರು. ಗೆದ್ದವರಿಗೆ ಪುಣೆಯ ದೊಡ್ಡ ಸ್ಪರ್ಧೆಗೆ ನೇರ ಪ್ರವೇಶ. ಉಜ್ವಲಾ ಅದೇ ದಿನ ಹೆಸರು ಬರೆಸಿದಳು. ಅಚ್ಚರಿ ಎಂದರೆ ವಿಕ್ರಾಂತನೂ ಬರೆಸಿದ.

ಆಮೇಲೆ ನಾಲ್ಕು ಶನಿವಾರ ಅವನು ಚಿಕ್ಕೋಡಿಗೆ ಬರಲೇ ಇಲ್ಲ. ದ್ರಾಕ್ಷಿ ಕಡ್ಡಿ ಕತ್ತರಿಸುವ ಹಂಗಾಮು ಎಂದು ಫೋನಿನಲ್ಲಿ ಹೇಳಿದ. ಅವಳು ಒಬ್ಬಳೇ ಅಭ್ಯಾಸ ಮಾಡಿದಳು. ಕೈ ಎಂದಿಗಿಂತ ಚುರುಕಾಗಿತ್ತು. ಆದರೂ ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳವಾದಾಗಲೆಲ್ಲ ಕಣ್ಣು ಬಾಗಿಲಿಗೆ ಹೋಗುತ್ತಿತ್ತು.

ನಿಪ್ಪಾಣಿಯಲ್ಲಿ ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯದಲ್ಲಿ ಮೂವತ್ತೆರಡು ಜನ ಆಟಗಾರರು ಸೇರಿದ್ದರು. ಹೆಣ್ಣುಮಗಳು ಅಂದರೆ ಉಜ್ವಲಾ ಒಬ್ಬಳೇ. ಮೊದಲ ಸುತ್ತು ಸಲೀಸಾಗಿ ಗೆದ್ದಳು. ವಿಕ್ರಾಂತನ ಎದುರಾಳಿ ಬರದ ಕಾರಣ ಅವನು ಆಡದೆಯೇ ಮುಂದೆ ಬಂದ. ಎರಡನೇ ಸುತ್ತಿನ ಪಟ್ಟಿಯಲ್ಲಿ ಇಬ್ಬರ ಹೆಸರೂ ಅಕ್ಕಪಕ್ಕ!

ಅವಳಿಗೆ ಖುಷಿಯಾಯಿತು. ದೊಡ್ಡ ಪರದೆಯ ಮೇಲೆ, ಅಷ್ಟು ಜನರ ಮುಂದೆ, ಆ ಹೋತದ ಜಿಗಿತವನ್ನು ಎದುರಿಸುವುದು... ಬೆರಳುಗಳು ತಾವಾಗಿ ತವಕಿಸಿದವು.

ಆದರೆ ಪೈಲ್ವಾನ ಜಿಗಿಯಲಿಲ್ಲ. ನಿಂತಲ್ಲೇ ನಿಂತ. ಕೈ ಅಡ್ಡ ಹಿಡಿದ, ಹಿಂದೆ ಸರಿದ. ಒಂದು ಏಟು ಎತ್ತಿ ಅರ್ಧಕ್ಕೇ ನಿಂತ. ಅವನ ಪ್ರತಿ ನಡೆ ಬರುವ ಮುಂಚೆಯೇ ಅವಳಿಗೆ ಕಾಣುತ್ತಿತ್ತು. ಮೂರಕ್ಕೆ ಮೂರು ರೌಂಡೂ ಅವಳದೇ. ಐದು ನಿಮಿಷವೂ ಹಿಡಿಯಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ಕೂಗಿದರು. "ಬಿಟ್ಟುಕೊಟ್ಟಾನಲೇ ಅಂವ. ಅಂಥಾ ಹುಡುಗಿ ಮುಂದ ಯಾರ್ ಗೆಲ್ತಾರ?"

ಇಡೀ ಸಭಾಗೃಹ ಗೊಳ್ಳೆಂದು ನಕ್ಕಿತು.

ಉಜ್ವಲಾ ಕಂಟ್ರೋಲರನ್ನು ಮೇಜಿನ ಮೇಲಿಟ್ಟಳು. ಅವನ ಕಡೆ ತಿರುಗಿದಳು. ವರ್ಷಗಳಿಂದ ಓಡಿ ಓಡಿ ದಾಟಿಬಂದ ಅದೇ ಜಾಗಕ್ಕೆ ಇವನೇ, ಈ ಒಬ್ಬನೇ, ತನ್ನನ್ನು ತಂದು ನಿಲ್ಲಿಸಿದನಲ್ಲ...

"ನಾ ನಿಮಗೊಂದ ಮಾತು ಕೇಳಿದ್ನಿ," ಅಂದಳು. "ಅದೊಂದರೆ ಉಳಿಸಿಕೊಳ್ಳಾಕ ಆಗಲಿಲ್ಲ ನಿಮಗ."

"ಉಜ್ವಲಾ ಅವರ, ನಾ ಬಿಟ್ಟುಕೊಟ್ಟಿಲ್ರಿ..."

"ನನಗ ಭಿಕ್ಷಾ ಬ್ಯಾಡ್ರಿ. ಇನ್ನ ಮ್ಯಾಲ ನನ್ನ ಸಲುವಾಗಿ ಚಿಕ್ಕೋಡಿಗೆ ಬರಬ್ಯಾಡ್ರಿ."

ಅವನ ಮುಖ ಕೆಂಪಾಯಿತು. ಸುತ್ತಲಿನ ಜನರನ್ನೊಮ್ಮೆ ನೋಡಿದ. ಚಪ್ಪಲಿ ಹಾಕಿಕೊಂಡು ಹೊರಗೆ ಹೋದ.

ಮುಂದಿನ ಸುತ್ತಿನಲ್ಲಿ ಇಚಲಕರಂಜಿಯ ಆಟಗಾರನ ಎದುರು ಅವಳು ಸೋತಳು. ನೂರಾರು ಸಲ ಮಾಡಿದ ಕಾಂಬೊ ಕೈಗೇ ಬರಲಿಲ್ಲ. ಪುಣೆ ತಪ್ಪಿತು. ಬಸ್ಸಿನಲ್ಲಿ ಅವಳು ಅತ್ತದ್ದು ಪುಣೆಗಾಗಿ ಅಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಎರಡು ವಾರ ಅವನ ಫೋನು ಬಂದಾಗಲೆಲ್ಲ ಎತ್ತದೆ ಬಿಟ್ಟಳು. ಮೂರನೇ ವಾರ ಫೋನು ಬರಲೇ ಇಲ್ಲ. ಆಗ ಮನಸ್ಸು ಇನ್ನೂ ಕೆಟ್ಟಿತು.

ಒಂದು ಮುಂಜಾನೆ ತಾತ್ಯಾಸಾಹೇಬ ಎಮ್ಮೆ ಹಿಂಡುತ್ತ ಮಗಳ ಮುಖ ನೋಡಿದ. ಕುಸ್ತಿಯಲ್ಲಿ ಎದುರಿನವನ ಕಣ್ಣು ನೋಡಿಯೇ ಬದುಕಿದವನು. ಏನಾಗಿದೆ ಎಂದು ಕೇಳಿದ. ಉಜ್ವಲಾ ಕೊಟ್ಟಿಗೆಯ ಗೋಡೆಗೆ ಒರಗಿ ಎಲ್ಲವನ್ನೂ ಹೇಳಿದಳು. ಮೊದಲು ವಿಕ್ರಾಂತ ಹೇಗೆ ಆಡುತ್ತಿದ್ದ, ನಿಪ್ಪಾಣಿಯಲ್ಲಿ ಹೇಗೆ ಆಡಿದ, ತಾನು ಏನೆಂದೆ, ಎಲ್ಲವನ್ನೂ.

ತಾತ್ಯಾಸಾಹೇಬ ಹಾಲಿನ ತಂಬಿಗೆ ಪಕ್ಕಕ್ಕಿಟ್ಟು ನಕ್ಕ.

"ಯವ್ವಾ, ಏನೂ ಪಟ್ಟು ಕಲೀದಾಂವ ಕೈಗೆ ಸಿಗಂಗಿಲ್ಲ. ಪೂರಾ ಕಲತಾಂವನೂ ಸಿಗಂಗಿಲ್ಲ. ಲಗೂನ ಬೀಳಾಂವ ಅಂದ್ರ ಅರ್ಧ ಕಲತಾಂವ. ಅಂವ ಪಟ್ಟು ನೆನಸತಾ ನಿಂತಿರತಾನ, ಅಷ್ಟರಾಗ ಬೆನ್ನು ಮಣ್ಣಿಗೆ ಹತ್ತಿರತೈತಿ. ಆ ಹುಡುಗ ಬಿಟ್ಟುಕೊಟ್ಟನೋ, ಇಲ್ಲಾ ಕಲಿಯಾಕ ಹತ್ತಿದ್ದನೋ, ನೋಡೀಯೇನು?"

ಅವಳು ನೋಡಿರಲಿಲ್ಲ. ಸಿಟ್ಟಿನಲ್ಲಿ ನೋಡುವುದೆಲ್ಲಿ ಬಂತು?

ಅವತ್ತು ಮಧ್ಯಾಹ್ನದ ಬಿಡುವಿನಲ್ಲಿ ಸುರಜನ ಸೆಂಟರಿಗೆ ಓಡಿದಳು. ಟೂರ್ನಮೆಂಟಿನ ಎಲ್ಲ ಆಟಗಳನ್ನೂ ರೆಕಾರ್ಡ್ ಮಾಡಿ ಇಂಟರ್ನೆಟ್ಟಿನಲ್ಲಿ ಹಾಕಿದ್ದರು. ತಮ್ಮ ಆಟವನ್ನು ನಿಧಾನಗತಿಯಲ್ಲಿಟ್ಟು ನೋಡಿದಳು.

ಮೊದಲ ರೌಂಡು. ಅವಳ ನೆಲಮಟ್ಟದ ಒದೆತವನ್ನು ಅವನು ತಡೆದಿದ್ದ. ಕಲಿಯದೆ ಯಾರೂ ಅದನ್ನು ತಡೆಯಲಾರರು. ತಡೆದು, ತಿರುಗಿ ಹೊಡೆಯಲು ಹೋಗಿದ್ದ. ಕಣ್ರೆಪ್ಪೆ ಮುಚ್ಚಿ ತೆರೆಯುವಷ್ಟು ತಡವಾಗಿತ್ತು, ಅಷ್ಟೇ. ಎರಡನೇ ರೌಂಡಿನಲ್ಲಿ ಒಂದು ಕಾಂಬೊ ಶುರು ಮಾಡಿದ್ದ. ಮೂರನೇ ಏಟಿಗೆ ಕೈ ತಪ್ಪಿತ್ತು. ಮತ್ತೆ ಶುರು ಮಾಡಿದ್ದ. ಮತ್ತೆ ತಪ್ಪಿತ್ತು. ಉಜ್ವಲಾ ಆಟ ಮುಗಿಯುವವರೆಗೂ ಎಣಿಸಿದಳು. ಹನ್ನೊಂದು ಸಲ!

ಬಿಟ್ಟುಕೊಡುವವನು ಒಂದೇ ಪಟ್ಟನ್ನು ಹನ್ನೊಂದು ಸಲ ಯಾಕೆ ಹಿಡಿಯುತ್ತಾನೆ?

ಹಿಂದೆ ನಿಂತಿದ್ದ ಸುರಜ ಕೆಮ್ಮಿದ. ನಾಲ್ಕು ವಾರ ವಿಕ್ರಾಂತ ದಿನಾಲೂ ಅಂಗಡಿ ಮುಚ್ಚಿದ ಮೇಲೆ ಮಿರಜಕ್ಕೆ ಹೋಗಿ ಅಲ್ಲಿನ ಒಬ್ಬ ಒಳ್ಳೆಯ ಆಟಗಾರನ ಹತ್ತಿರ ಕಲಿಯುತ್ತಿದ್ದ, ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದ ಎಂದು ಮೆಲ್ಲಗೆ ಹೇಳಿದ. ಉಜ್ವಲಾ ಆ ಆಟವನ್ನು ಮತ್ತೊಮ್ಮೆ ಹಾಕಿ ನೋಡಿದಳು. ಕಣ್ಣು ತುಂಬಿ ಬಂದವು. 'ಅಳತಿ ಬ್ಯಾಡ ಅಂದಾಂವ... ನನ್ನ ಸಲುವಾಗಿ ಅಳತಿ ಕಲೀಲಿಕ್ಕೆ ಹೋಗಿದ್ದನಲ್ಲ.'

ರವಿವಾರ ಮುಂಜಾನೆಯ ಬಸ್ಸಿಗೆ ಅವಳು ಜುಗೂಳಕ್ಕೆ ಬಂದಿಳಿದಳು.

ಮನೆಯ ಮುಂದೆ ಅವನ ಅವ್ವ ಅಕ್ಕುತಾಯಿ ಜೋಳ ಹಸನು ಮಾಡುತ್ತಿದ್ದಳು. ಬಂದವಳನ್ನು ಮೇಲಿಂದ ಕೆಳಗೆ ನೋಡಿ, ಚಿಕ್ಕೋಡಿಯವಳೇನು ಎಂದು ತಾನೇ ಕೇಳಿದಳು. ಚಹಾ ಕೊಟ್ಟಳು. ಒಂದು ತಿಂಗಳು ಮಗ ಬೆರಳಿಗೆಲ್ಲ ಬೊಬ್ಬೆ ಎಬ್ಬಿಸಿಕೊಂಡು ಬರುತ್ತಿದ್ದ, ಈಗ ನೋಡಿದರೆ ಸರಿಯಾಗಿ ಉಣ್ಣುವುದೂ ಇಲ್ಲ ಎಂದು ದೂರಿದಳು. ಆಮೇಲೆ ತೋಟದ ದಾರಿ ತೋರಿಸಿ, ಮುಖ ಆಚೆ ತಿರುಗಿಸಿ ನಕ್ಕಳು.

ದ್ರಾಕ್ಷಿ ಚಪ್ಪರದ ಕೆಳಗೆ ವಿಕ್ರಾಂತ, ಕಸ ಸಿಕ್ಕಿ ಕಟ್ಟಿಕೊಂಡಿದ್ದ ಪೈಪಿಗೆ ಬಾಯಿ ಹಚ್ಚಿ ಊದುತ್ತಿದ್ದ. ಗಲ್ಲ ಉಬ್ಬಿ ಮುಖ ಕೆಂಪಾಗಿತ್ತು. ಅವಳನ್ನು ಕಂಡವನೇ ದಡಬಡಿಸಿ ಎದ್ದು ನಿಂತ. ಬಾಯಿ ಸುತ್ತ ಕೆಸರು.

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಅವಳಿಗೆ ಮರೆತುಹೋದವು.

"ಹನ್ನೊಂದ ಸಲ," ಅಂದಳು. "ಆ ಕಾಂಬೊ ಹನ್ನೊಂದ ಸಲ ಹಿಡದೀರಿ. ನಾ ಆ ರೆಕಾರ್ಡಿಂಗ್ ನೋಡಿದ್ನಿ. ತಪ್ಪಾತ್ರಿ ನಂದು."

ಅವನು ಕೆಳಗೆ ನೋಡಿದ.

"ಮಿರಜದಾಗ ಹತ್ತಕ್ಕ ಹತ್ತು ಬರತಿತ್ತರಿ. ನಿಪ್ಪಾಣ್ಯಾಗ ನೀವು ಬಾಜೂಕ ಕುಂತ ಕೂಡಲೇ ಎಲ್ಲಾ ಮರತಹೋತು."

"ಯಾಕ ಕಲಿಯಾಕ ಹೋದ್ರಿ? ಹಂಗ ಆಡೂದ ನಿಮಗ ಚಂದ ಅನಸತಿತ್ತಲ್ಲ."

"ನಾ ಬಟನ್ ಬಡದು ಗೆದ್ದಾಗೆಲ್ಲ ನೀವು ನಕ್ಕೊಂಡ ಸುಮ್ಮನಾಗತಿದ್ರಿ. ಆದ್ರ ನಿಮಗ ಅದು ಸರಿಯಾದ ಆಟ ಅಲ್ಲ ಅಂತ ನನಗ ಗೊತ್ತಿತ್ತು. ಗೆಲ್ಲಬೇಕು ಅಂತ ಇರಲಿಲ್ಲರಿ. ನಿಮ್ಮ ಮುಂದ ಕುಂಡ್ರಾಕ ಲಾಯಕ್ ಆಗಬೇಕು ಅನಿಸಿತ್ತು, ಅಷ್ಟ."

ಉಜ್ವಲಾ ಒಂದು ಹೆಜ್ಜೆ ಹತ್ತಿರ ಬಂದಳು. ತಾನು ಎಷ್ಟೋ ಜನರ ಎದುರು ಆಡಿದ್ದೇನೆ, ಆಡುವಾಗ ನಕ್ಕದ್ದು ಅವನೊಬ್ಬನ ಎದುರು ಮಾತ್ರ ಎಂದು ಹೇಳಿದಳು. ಅವನು ಬರದ ಆ ನಾಲ್ಕು ಶನಿವಾರ ಕೈ ಚುರುಕಾಗಿದ್ದರೂ ಆಟ ಸಪ್ಪಗಿತ್ತು ಎಂಬುದನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಸೆರಗಿನಂತೆ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

ಅವನು ಕಣ್ಣೆತ್ತಿದ. ಇನ್ನು ಮುಂದೆ ಕಲಿಯಬೇಕೋ ಬಿಡಬೇಕೋ ಎಂದು ಕೇಳಿದ. ಹಿತ ಅನಿಸಿದರೆ ಕಲಿಯಿರಿ, ನನಗಾಗಿ ಬೇಡ ಎಂದು ಅವಳು ಹೇಳಿದಳು. ಇಬ್ಬರೂ ನಕ್ಕರು. ಕಟ್ಟಿಕೊಂಡಿದ್ದ ಪೈಪು ಅಷ್ಟರಲ್ಲಿ ತಾನಾಗಿ ಬಿಚ್ಚಿಕೊಂಡು ಇಬ್ಬರ ಕಾಲೂ ತೋಯಿಸಿತು. ಯಾರೂ ಸರಿಯಲಿಲ್ಲ.

"ನಿಮ್ಮ ಅಪ್ಪಾರ್ನ ಭೆಟ್ಟಿ ಆಗಾಕ ಯಾವಾಗ ಬರ್ಲಿ?" ವಿಕ್ರಾಂತ ಕೇಳಿದ.

"ಅಪ್ಪನ ಕೇಳೂದಕ್ಕಿಂತ ಮೊದಲ ನನ್ನ ಕೇಳೂದು ಉಳದೈತಿ."

ಅವನು ಪೈಪನ್ನು ಕೆಳಗಿಟ್ಟು, ಕೆಸರು ಕೈಯನ್ನು ಅಂಗಿಗೆ ಒರೆಸಿಕೊಂಡ. ಈ ಸಲ 'ಅವರ' ಅನ್ನಲಿಲ್ಲ, 'ರಿ' ಹಚ್ಚಲಿಲ್ಲ.

"ಉಜ್ವಲಾ, ನನ್ನ ಮದಿವಿ ಆಗ್ತಿಯೇನು?"

"ಆಗ್ತೀನಿ."

ಅವನು ನಂಬಲಾರದೆ ಅವಳನ್ನೇ ನೋಡಿದ. "ಇಷ್ಟ ಲಗೂನ ಹೇಳಿಬಿಟ್ಟಿ?"

"ಎಲ್ಲಿ ಲಗೂ?" ಅವಳು ಮುಂದೆ ಬಂದು ದುಪಟ್ಟಾದ ತುದಿಯಿಂದ ಅವನ ಗಲ್ಲದ ಕೆಸರು ಒರೆಸಿದಳು. "ಮೂರು ವಾರ ತಡಾ ಆಗೇತಿ."