ನಲವತ್ತನೇ ಜೋಡಿ ಕೈ

"ಅಲುಗಾಡಬೇಡಿ! ಇನ್ನೊಂದು ನಾಲ್ಕು ನಿಮಿಷ..."

ಅವಳು ಉಸಿರು ಬಿಗಿಹಿಡಿದಳು. ಮಣಿಕಟ್ಟಿನವರೆಗೂ ಎರಡೂ ಕೈ ಬಕೆಟ್ಟಿನ ತಣ್ಣನೆಯ ಅಂಟಿನಲ್ಲಿ ಮುಳುಗಿದ್ದವು. ಅವು ಕದಲದಂತೆ ಮೊಣಕೈ ಹಿಡಿದು ಎದುರಿಗೆ ಕೂತಿದ್ದವನು ಒಬ್ಬ ಶಿಲ್ಪಿ. ಅರ್ಧ ಗಂಟೆ ಹಿಂದಿನವರೆಗೂ ಅವನೊಂದಿಗೆ ಒಂದು ಮಾತೂ ಆಡಿದವಳಲ್ಲ.

ಯಾರಾದರೂ ತನ್ನನ್ನು ಮುಟ್ಟಿ ಎಷ್ಟು ದಿನವಾಯಿತು? ದಿನವಲ್ಲ... ವರ್ಷ. ಲೆಕ್ಕ ಹಾಕಲು ಅವಳಿಗೇ ಭಯವಾಯಿತು.

ಅವಳು ಆ ಕಲಾ ಗ್ಯಾಲರಿಯ ಕಾವಲಿನವಳು. ಒಂಬತ್ತನೇ ಕೋಣೆಯ ಮೂಲೆಯ ಕುರ್ಚಿ ಅವಳದು. ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅವಳ ಬಾಯಿಂದ ಬರುವುದು ಒಂದೇ ಮಾತು, "ದಯವಿಟ್ಟು ಮುಟ್ಟಬೇಡಿ." ಜೊತೆಯವರು ಅವಳಿಗೆ 'ಮುಟ್ಟಬೇಡಿ ಮೇಡಂ' ಎಂದೇ ಹೆಸರಿಟ್ಟಿದ್ದರು. ಮನೆಗೆ ಹೋದರೆ ಆ ಒಂದು ಮಾತಾಡಲೂ ಜನವಿರಲಿಲ್ಲ.

ಈ ಸಲದ ಪ್ರದರ್ಶನ ಪ್ರಾರ್ಥನೆಯ ಬಗ್ಗೆ. ಬೇರೆ ಬೇರೆ ನಂಬಿಕೆಯ ನಲವತ್ತು ಜನ ಪ್ರಾರ್ಥಿಸುವಾಗ ಕೈ ಹೇಗಿಟ್ಟುಕೊಳ್ಳುತ್ತಾರೋ ಹಾಗೇ ಅಚ್ಚು ತೆಗೆದು, ಬಿಳಿ ಪ್ಲಾಸ್ಟರ್ ಎರೆದು, ಒಂಬತ್ತನೇ ಕೋಣೆಯಲ್ಲಿ ಸಾಲಾಗಿ ನಿಲ್ಲಿಸುವುದು ಶಿಲ್ಪಿಯ ಯೋಜನೆ. ಮೂವತ್ತೊಂಬತ್ತು ಮುಗಿದಿದ್ದವು. ನಲವತ್ತನೆಯದಾಗಿ ಕೈ ಕೊಡಬೇಕಾದವರು ಕೊನೇ ಗಳಿಗೆಯಲ್ಲಿ ನಿಜಕ್ಕೂ ಕೈಕೊಟ್ಟರು!

"ನಿಮ್ಮ ಕೈ ಸಿಗುತ್ತಾ?" ಎಂದು ಅವನು ಕಾವಲಿನವಳನ್ನು ಕೇಳಿದ್ದು ಹಾಗೆ.

"ನಾನು ಪ್ರಾರ್ಥನೆ ಮಾಡಲ್ಲ."

"ಹಾಗಾದ್ರೆ ಹೇಗಿದ್ಯೋ ಹಾಗೇ ಇಡಿ."

ಅವಳ ಎರಡು ಅಂಗೈಗಳ ನಡುವೆ ನಾಲ್ಕು ಬೆರಳಿನಷ್ಟು ಸಂದು ಉಳಿಯಿತು.

"ಪ್ರಾರ್ಥನೆ ಯಾಕೆ ಬಿಟ್ರಿ?" ಅವನ ದನಿ ಮೆತ್ತಗಿತ್ತು.

ಯಾರಿಗೂ ಹೇಳದ್ದು ಬಾಯಿಗೆ ಬಂದೇಬಿಟ್ಟಿತು. "ಅಮ್ಮ ಆಸ್ಪತ್ರೇಲಿದ್ದಾಗ ಹನ್ನೊಂದು ದಿನ ಕೈ ಮುಗಿದೇ ಇದ್ದೆ. ಹನ್ನೆರಡನೇ ದಿನ ನರ್ಸ್ ಬಂದು ಹಾಸಿಗೆ ಬಟ್ಟೆ ಮಡಚಿದ್ರು. ಆಮೇಲೆ ಕೈ ಜೋಡಿಸೋಕೆ ಆಗ್ಲೇ ಇಲ್ಲ. ಆರು ವರ್ಷ ಆಯ್ತು. ದೇವರ ಮೇಲೆ ಸಿಟ್ಟೇನಿಲ್ಲ... ಮಾತು ಬಿಟ್ಟಿದೀನಿ, ಅಷ್ಟೆ."

ಅವನು 'ಅಯ್ಯೋ ಪಾಪ' ಅನ್ನಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅಚ್ಚು ಗಟ್ಟಿಯಾದ ಮೇಲೆ ಮೆಲ್ಲಗೆ ಅವಳ ಕೈ ಬಿಡಿಸಿ, ಬೆಚ್ಚನೆಯ ನೀರಿನಲ್ಲಿ ಒಂದೊಂದೇ ಬೆರಳು ತೊಳೆದು, ಟವೆಲ್ಲಿನಲ್ಲಿ ಒರೆಸಿದ.

ಆ ಸಂಜೆ ಬಸ್ಸಿನಲ್ಲಿ ಅವಳು ಇಳಿಯಬೇಕಾದ ನಿಲ್ದಾಣ ಬಿಟ್ಟು ಎರಡು ನಿಲ್ದಾಣ ಮುಂದೆ ಹೋಗಿದ್ದಳು.

'ಹುಚ್ಚಿ! ಅವನು ತೊಳೆದದ್ದು ಅಂಟು ಕಣೇ...'

ಮುಂದಿನ ನಾಲ್ಕು ದಿನ ಅವನು ಎರಡು ಲೋಟ ಚಹಾ ಹಿಡಿದೇ ಒಂಬತ್ತನೇ ಕೋಣೆಗೆ ಬಂದ. ಐದನೇ ದಿನ ಬೇರೆ ಊರಿನ ಕೆಲಸಕ್ಕೆ ಹೊರಟುಹೋದ. "ಮೂರು ವಾರ... ಬಂದುಬಿಡ್ತೀನಿ" ಎಂದಿದ್ದ.

ಅವನಿಲ್ಲದೆಯೇ ಪ್ರದರ್ಶನ ಶುರುವಾದ ದಿನ ಅವಳು ಒಂದು ಗಂಟೆ ಮೊದಲೇ ಬಂದಳು. ತನ್ನ ಕೈಗಳನ್ನು ಒಬ್ಬಳೇ ನೋಡುವ ಆಸೆ! ಅವುಗಳ ಪಕ್ಕದ ಗೋಡೆಯ ಮೇಲೆ ಒಂದು ಚೀಟಿ ಇತ್ತು.

'ಹನ್ನೊಂದು ದಿನ ಮುಗಿದ ಈ ಕೈಗಳು ತಾಯಿ ತೀರಿದ ಮೇಲೆ ಆರು ವರ್ಷಗಳಿಂದ ಖಾಲಿ. ಈ ಮಹಿಳೆ ದೇವರೊಂದಿಗೆ ಮಾತು ಬಿಟ್ಟಿದ್ದಾಳೆ.'

ಅವಳು ಎರಡೆರಡು ಸಲ ಓದಿದಳು. ಅವನಿಗೊಬ್ಬನಿಗೇ ಹೇಳಿದ್ದು... ಅಕ್ಷರಕ್ಕೆ ಅಕ್ಷರ!

ಅಂದಿನಿಂದ ದಿನಕ್ಕೆ ನೂರಾರು ಜನ ಅದನ್ನು ಜೋರಾಗಿ ಓದಿದರು.

"ಪಾಪ, ಯಾರೋ ಒಂಟಿ ಹೆಂಗಸಿರ್ಬೇಕು."

"ಏನ್ ಮಾಡ್ಕೊಂಡಿದಾಳೋ ಈಗ!"

ಆ ಹೆಂಗಸು ಎರಡು ಮಾರು ದೂರದ ಕುರ್ಚಿಯಲ್ಲಿ, ಕೈಗಳನ್ನು ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಕೂತಿದ್ದಳು. ಯಾರೂ ಅವಳತ್ತ ತಿರುಗಿ ನೋಡಲಿಲ್ಲ. ಅವನ ಫೋನ್ ಬಂದರೆ ಎತ್ತಲಿಲ್ಲ. ಮೊದಲೂ ಒಂಟಿಯೇ ಆಗಿದ್ದಳು ನಿಜ. ಆದರೆ ಆ ಒಂಟಿತನವಾದರೂ ಅವಳದಾಗಿತ್ತು. ಈಗ ಅದೂ ಊರವರ ಪಾಲಾಗಿತ್ತು.

ಮೂರು ವಾರದ ನಂತರ ಅವನು ನಗುನಗುತ್ತಾ ಒಳಗೆ ಬಂದ. ಗೋಡೆ ಓದಿದ. ಮುಖ ಕಪ್ಪಿಟ್ಟಿತು.

"ಇದನ್ನ... ಯಾರು ಬರೆದಿದ್ದು?"

"ಬರೆದೋರು ಯಾರಾದ್ರೇನು? ನಾನು ಹೇಳಿದ್ದು ನಿಮಗೊಬ್ಬರಿಗೇ."

ಅವನು ಸುಳ್ಳು ಹೇಳಿ ಪಾರಾಗಬಹುದಿತ್ತು. ಹೇಳಲಿಲ್ಲ.

"ಈ ಪ್ರದರ್ಶನದ ಆಯೋಜಕಿ ಹತ್ರ ಬಾಯಿ ಬಿಟ್ಟೋನು ನಾನೇ. ನಿಮ್ಮ ಮಾತು ತಲೆಯಿಂದ ಹೋಗ್ತಾನೇ ಇರ್ಲಿಲ್ಲ, ಯಾರಿಗಾದ್ರೂ ಹೇಳ್ಬೇಕು ಅನಿಸ್ತು. ಗೋಡೆಗೆ ಅಂಟಿಸ್ತಾರೆ ಅಂತ ಅಂದ್ಕೊಳ್ಳಲಿಲ್ಲ. ತಪ್ಪು ನಂದೇ."

"ನಿಮಗದು ಕಥೆ. ನನಗೆ... ಅಮ್ಮ."

ಅವನು ತಲೆ ತಗ್ಗಿಸಿ ಹೊರಗೆ ಹೋದ. ಹತ್ತು ನಿಮಿಷಕ್ಕೆ ಆಯೋಜಕಿಯನ್ನೇ ಕರೆತಂದ.

"ಜನ ಇಲ್ಲೇ ಜಾಸ್ತಿ ಹೊತ್ತು ನಿಲ್ಲೋದು! ಇದನ್ನ ತೆಗಿ ಅಂದ್ರೆ ಹೇಗ್ರೀ?" ಆಕೆ ರೇಗಿದಳು.

"ಹಾಗಿದ್ರೆ ನಲವತ್ತೂ ಜೋಡಿ ಇವತ್ತೇ ವಾಪಸ್ ತಗೊಂಡು ಹೋಗ್ತೀನಿ."

ಅದು ಅವನ ಎರಡು ವರ್ಷದ ದುಡಿಮೆ. ಅವಳಿಗದು ಗೊತ್ತಿತ್ತು. ಕುರ್ಚಿಯಿಂದ ಎದ್ದಳು.

"ಕೈಗಳು ಇರಲಿ. ಅವು ನನ್ನವು."

ಆಯೋಜಕಿ ಬೆಚ್ಚಿ ಅವಳನ್ನು ನೋಡಿದಳು. "ನಿಮ್ಮವಾ?!"

"ಹೂಂ. ಚೀಟಿ ಮಾತ್ರ ಬೇಡ." ಅವಳು ಜೇಬಿನಿಂದ ಕೈ ತೆಗೆದು, ಉಗುರಿನಿಂದ ಮೂಲೆ ಎಬ್ಬಿಸಿ, ಚೀಟಿಯನ್ನು ತಾನೇ ಕಿತ್ತಳು.

ಮರುದಿನ ಶಿಲ್ಪಿ ಟಿಕೆಟ್ ಕೊಂಡು ಬಂದು, ಎಲ್ಲರಂತೆ ನಡುವಿನ ಬೆಂಚಿನ ಮೇಲೆ ಕೂತ. ಅದರ ಮರುದಿನವೂ ಬಂದ. ಐದನೇ ದಿನ ಸಂಜೆ, ಕೋಣೆ ಬರಿದಾದಾಗ ಅವಳಿಗೆ ತಡೆಯಲಾಗಲಿಲ್ಲ.

"ನೀವೇ ಮಾಡಿದ ಕೈಗಳನ್ನ ಎಷ್ಟು ದಿನ ನೋಡ್ತೀರಿ?"

"ಕೈಗಳನ್ನ ನೋಡ್ತಿಲ್ಲ. ನಿಮ್ಮನ್ನ ನೋಡ್ತಿದೀನಿ."

ಅವಳು ಕುರ್ಚಿಯಲ್ಲೇ ಅವನತ್ತ ತಿರುಗಿದಳು.

"ಅಚ್ಚು ಗಟ್ಟಿಯಾಗೋವರೆಗೆ ಜನ ನನ್ನ ಜೊತೆ ಕೂರ್ತಾರೆ," ಅವನ ದನಿ ತೊದಲಿತು. "ಆಮೇಲೆ ಕೈ ತೊಳ್ಕೊಂಡು ಹೋಗ್ತಾರೆ. ಮೂವತ್ತೊಂಬತ್ತು ಜನ ಹಾಗೇ ಹೋದ್ರು. ನನಗೇನೂ ಅನಿಸ್ಲಿಲ್ಲ. ನೀವು ಎದ್ದು ಹೋದಾಗ... ಆ ಬಕೆಟ್ಟಿನ ಮುಂದೆ ಕತ್ತಲಾಗೋವರೆಗೂ ಕೂತಿದ್ದೆ. ನಿಮ್ಮನ್ನ ಪ್ರೀತಿಸ್ತೀನಿ. ಕ್ಷಮಿಸಿ ಅಂತ ಕೇಳೋಕೂ ಮುಖ ಇಲ್ಲ, ಹೇಳದೆ ಇರೋಕೂ ಆಗ್ತಿಲ್ಲ."

ಅವಳು ಕುರ್ಚಿ ಬಿಟ್ಟು ಬಂದು, ಬೆಂಚಿನ ಇನ್ನೊಂದು ತುದಿಗೆ ಕೂತಳು.

"ಇನ್ಮೇಲೆ ನಾನು ಹೇಳಿದ್ದು ನಿಮ್ಮ ಹೊಟ್ಟೇಲೇ ಇರ್ಬೇಕು."

"ಇರುತ್ತೆ."

"ಮತ್ತೆ ದಿನಾ ಟಿಕೆಟ್ ತಗೊಂಡು ಬರ್ಬೇಡಿ. ನಗ್ತಾರೆ. ಸೋಮವಾರ ಗ್ಯಾಲರಿಗೆ ರಜೆ."

"ಗೊತ್ತು. ಮೊನ್ನೆ ಸೋಮವಾರ ಬಂದು, ಮುಚ್ಚಿದ ಬಾಗಿಲ ಮುಂದೆ ನಿಂತು ವಾಪಸ್ ಹೋದೆ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಕಣ್ಣೂ ತುಂಬಿತು.

"ಈ ಸೋಮವಾರ ಅಲ್ಲಿ ನಿಲ್ಬೇಡಿ... ಮನೆಗೆ ಬನ್ನಿ."

"ಏನು ತರ್ಲಿ?"

"ಏನೂ ಬೇಡ. ಬರಿಗೈಲಿ ಬನ್ನಿ."