ಒಂದು ಬಿಲ್ಲಿಗೆ ಒಂದೇ ಕೂಪನ್

"ಒಂದು ಬಿಲ್ಲಿಗೆ ಒಂದೇ ಕೂಪನ್‌ರೀ ಅಕ್ಕಾರ," ಎಂದ ಕೌಂಟರಿನವನು. "ಈಗ ಎಣ್ಣಿದು ಮಾಡ್ತೀನಿ. ಸೋಪಿಂದು, ಚಾಪುಡಿದು ಬ್ಯಾರೆ ಬ್ಯಾರೆ ಬಿಲ್ ಆಗ್ಬೇಕು. ಹಿಂದ ಹೋಗಿ ಮತ್ತ ಪಾಳಿ ಹಚ್ರಿ."

ಹೋಗಿ ಹಚ್ಚಿದೆ. ತೆಲಂಗಾಣದ ಗಡಿಯ ನಮ್ಮ ಮಕ್ತಲ್ ಬಸ್ ಸ್ಟ್ಯಾಂಡ್ ಎದುರಿನ ಆ ಮಾರ್ಟಿನಲ್ಲಿ ಅವತ್ತು ಮೂರು ಸಲ ಪಾಳಿ ನಿಂತೆ, ಮೂರು ಬಿಲ್ ಮಾಡಿಸಿದೆ, ತೊಂಬತ್ತು ರೂಪಾಯಿ ಉಳಿಸಿದೆ. ಬೇರೆಯವರಾಗಿದ್ದರೆ ಜಗಳ ತೆಗೆಯುತ್ತಿದ್ದರು. ನನಗೆ ನಿಂತರೂ ಒಂದೇ, ಕೂತರೂ ಒಂದೇ.

ಗಂಡ ತೀರಿಕೊಂಡು ಮೂರು ವರ್ಷವಾಗಿತ್ತು. ಮೊದಮೊದಲು ಅತ್ತಿದ್ದೆ. ಆಮೇಲೆ ಅಳುವೂ ನಿಂತಿತು, ನಗುವೂ ನಿಂತಿತು. ಅಣ್ಣನ ಮನೆಗೆ ಬಂದು ಸೇರಿದೆ. ಸಾರಿಗೆ ಉಪ್ಪಿಲ್ಲ ಎಂದು ಉಳಿದವರು ಹೇಳಿದ ಮೇಲೆಯೇ ನನಗೆ ಗೊತ್ತಾಗುತ್ತಿತ್ತು. "ಪ್ರಶಾಂತಿ ಎಷ್ಟು ಗಟ್ಟಿ ನೋಡ್ರಿ," ಎನ್ನುತ್ತಿದ್ದರು ಓಣಿಯ ಹೆಂಗಸರು. ಗಟ್ಟಿಯೂ ಇಲ್ಲ, ಮಣ್ಣೂ ಇಲ್ಲ. ಒಳಗೆ ಏನೂ ಇರಲಿಲ್ಲ.

ಕೂಪನ್ ಕತ್ತರಿಸುವುದೊಂದು ಮಾತ್ರ ಸಾಗುತ್ತಿತ್ತು. ಪೇಪರಿನದು, ಸೋಪಿನ ಪುಡಿಯ ಪಾಕೀಟಿನದು, ಬಿಲ್ಲಿನ ಜೊತೆ ಮಾರ್ಟಿನವರೇ ಕೊಡುವುದು. ಕೊನೆಯ ತಾರೀಖು ನೋಡಿ ಜೋಡಿಸಿ ರಬ್ಬರ್ ಹಾಕಿಡುತ್ತಿದ್ದೆ. ಅದಕ್ಕೆ ಮನಸ್ಸು ಬೇಕಾಗಿಲ್ಲ, ಕತ್ತರಿ ಸಾಕು.

ಕೌಂಟರಿನವನ ಹೆಸರು ಕಾಂತೇಶ. ರಾಯಚೂರಿನವನು, ನನ್ನದೇ ವಯಸ್ಸು, ಒಂಟಿ. ಪ್ರತಿ ಶನಿವಾರ ಹೋಗುತ್ತಿದ್ದೆ, ಪ್ರತಿ ಸಲವೂ ಮೂರು ಪಾಳಿ.

"ನಿಮ್ಮ ಮನ್ಯಾಗ ಪೇಪರ್ ಓದಾಕ ಏನರೆ ಉಳೀತೈತೇನ್ರಿ?" ಎಂದು ಒಂದು ಶನಿವಾರ ಕೇಳಿದ.

"ಸತ್ತವರ ಫೋಟೋ ಉಳೀತಾವ."

ನಕ್ಕುಬಿಟ್ಟ. ಆಮೇಲೆ ನನ್ನ ಮುಖ ನೋಡಿ, ನಕ್ಕದ್ದಕ್ಕೆ ಗಾಬರಿಯಾಗಿ, ಒಂದೇ ಎಣ್ಣೆ ಡಬ್ಬಿಯನ್ನು ಎರಡು ಸಲ ಸ್ಕ್ಯಾನ್ ಮಾಡಿದ. ಅಳಿಸಿ ಮತ್ತೆ ಮಾಡಿದ. ಕಿವಿ ಎರಡೂ ಕೆಂಪಾಗಿದ್ದವು.

ಎಲ್ಲ ಹೆಂಗಸರಿಗೂ "ಅಕ್ಕಾರ" ಎನ್ನುವವನು ನನಗೆ ಮಾತ್ರ ಆ ಮಾತು ಬಿಟ್ಟ. ಬರೀ "ರೀ". ಶನಿವಾರ ಬೆಳಿಗ್ಗೆ ನಾನು ಜಡೆ ಬಿಚ್ಚಿ ಎರಡನೇ ಸಲ ಹಾಕಿಕೊಳ್ಳತೊಡಗಿದೆ. ಸಂತೋಷ ಎನ್ನಲಾರೆ. ಜೋಮು ಹಿಡಿದ ಕಾಲನ್ನು ಯಾರೋ ಮುಟ್ಟಿದಂತೆ ಇತ್ತು.

ಅಷ್ಟರಲ್ಲಿ ಗದ್ವಾಲದಿಂದ ಸಂಬಂಧ ಬಂತು. ಅಣ್ಣನ ಹೆಂಡತಿ ಪೆಂಟಮ್ಮ ವೈನಿಯ ತವರೂರು ಅದು. ಶಂಕರಯ್ಯ ಎಂದು, ಮಗ್ಗದವರು. ಹೆಂಡತಿ ತೀರಿಕೊಂಡಿದ್ದಾಳೆ, ಇಬ್ಬರು ಹೆಣ್ಣುಮಕ್ಕಳು. ಒಳ್ಳೆಯ ಮನುಷ್ಯ.

"ಸೋಮವಾರದೊಳಗ ಹೇಳಿಬಿಡವ್ವ," ಎಂದ ಅಣ್ಣ ಬಾಲರಾಜ್.

ಹೂಂ ಎನ್ನಲೂ ಮನಸ್ಸಿಲ್ಲ, ಒಲ್ಲೆ ಎನ್ನಲೂ ಇಲ್ಲ. ಒಂದು ಮಾತ್ರ ಗೊತ್ತಿತ್ತು: ಹೂಂ ಎಂದರೆ ಕಾಂತೇಶನ ಮುಖ ನೋಡುವುದು ಮುಗಿಯಿತು. ಬಾಯಿಬಿಟ್ಟು ಕೇಳುವ ಧೈರ್ಯ ಎಲ್ಲಿಯದು? ಒಂದು ಕೂಪನ್ನಿನ ಹಿಂದೆ ಬರೆದು ಕೊಟ್ಟೆ. ಓದಿದ್ದು ತೆಲುಗು ಮೀಡಿಯಂ. ಮನೆಯಲ್ಲಿ ಆಡುವುದು ಕನ್ನಡವಾದರೂ ಕೈಗೆ ಬರುವುದು ತೆಲುಗು ಅಕ್ಷರ. "ಗದ್ವಾಲದಾಗ ಸಂಬಂಧ ನೋಡ್ಯಾರ. ನಾ ಇಲ್ಲಿಗೆ ಬರೋದು ಇಡ್ಲೋ, ಬಿಡ್ಲೋ?"

ಹಬ್ಬದ ಗದ್ದಲ, ಹಿಂದೆ ಹದಿನೈದು ಜನ. ಅವನು ತಡವರಿಸಿ ಓದಿದ. ಪೆನ್ನು ತೆಗೆದು ಬಿಲ್ಲಿನ ಮೇಲೆ ಒಂದೇ ಮಾತು ಗೀಚಿದ. ಹೊರಗೆ ಬಂದು ನೋಡಿದೆ.

"ಚಾಲು."

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಸಾಕು ಎಂದ ಮೇಲೆ ಸಾಕು.

ಮನೆಗೆ ಹೋಗಿ ಎಣ್ಣೆ ಡಬ್ಬಿ ಇಳಿಸಿ ಅಣ್ಣನಿಗೆ "ಹೂಂ" ಎಂದೆ. ಎದೆ ಒಡೆಯಲಿಲ್ಲ. ಒಡೆಯಲು ಏನಾದರೂ ಇರಬೇಕಲ್ಲ! ಶಂಕರಯ್ಯನವರು ಫೋನ್ ಮಾಡಿ ಏನೇನೋ ಕೇಳಿದರು. ಎಲ್ಲಕ್ಕೂ ಹೂಂ ಎಂದೆ. ಮುಂದಿನ ತಿಂಗಳ ಮೊದಲ ಶುಕ್ರವಾರ ನಿಶ್ಚಯ ಎಂದಾಯಿತು.

ಮೂರು ವಾರ ಮಾರ್ಟಿನ ಕಡೆ ಸುಳಿಯಲಿಲ್ಲ. ನಿಶ್ಚಯದ ಸಾಮಾನಿಗೆ ವೈನಿಯೇ ನನ್ನನ್ನು ಎಳೆದುಕೊಂಡು ಹೋದಳು. "ನೀ ಇಲ್ಲಂದ್ರ ಪೂರಾ ರೇಟು ಬಡೀತಾರ. ಕೂಪನ್ ಎಲ್ಲಾ ತಗೊಂಡು ನಡಿ."

ಕಾಂತೇಶ ಸಾಮಾನಿನ ಕಡೆ ನೋಡಲೇ ಇಲ್ಲ. "ಮೂರು ವಾರ ಆತ್ರಿ," ಎಂದ ನನಗೆ, ಮೆಲ್ಲಗೆ. "ಚಾಲು ಅಂತ ಬರದು ಕೊಟ್ಟೆ. ನೀವು ಬರೋದ ಬಿಟ್ರಿ."

"ಚಾಲು ಅಂದ್ರಿ, ಅದಕ್ಕ ಬಿಟ್ಟೆ."

"ಚಾಲು ಅಂದ್ರ ಯಾರರೆ ಬಿಡ್ತಾರೇನ್ರಿ?"

"ಸಾಕು ಅಂದಮ್ಯಾಲ ಹೆಂಗ ಬರ್ಲಿ?"

ಬೆಲ್ಲದ ಪಾಕೀಟು ಅವನ ಕೈಯಲ್ಲೇ ನಿಂತಿತು. "ಅಯ್ಯಯ್ಯೋ! ನಾ ಬರದಿದ್ದು ತೆಲುಗು ಅಲ್ರೀ! ಫ್ಯಾನ್ ಚಾಲು, ಮೋಟಾರ್ ಚಾಲು ಅಂತೀವಲ್ಲ, ಅದು! ನಡೀಲಿ, ನಿಲ್ಲಿಸಬ್ಯಾಡ್ರಿ ಅಂತ ಬರದಿದ್ದೆ!"

ಕನ್ನಡ, ತೆಲುಗು ಎರಡು ಲಿಪಿಗಳಲ್ಲೂ ಆ ಅಕ್ಷರಗಳು ಹೆಚ್ಚುಕಡಿಮೆ ಒಂದೇ ಥರ. ನನ್ನ ಹಿಂದೆ ರವೆ ಹಿಡಿದು ನಿಂತಿದ್ದ ನಮ್ಮ ಓಣಿಯ ಎಂಕಪ್ಪ ಮಾಸ್ತರರು, "ಏ ತಮ್ಮಾ, ನಿಂದು ಚಾಲು ಆಗ್ಲಿ ಬಂದ್ ಆಗ್ಲಿ, ಲಗೂನ ಮಾಡು," ಎಂದರು.

"ಇನ್ನೊಂದು ತಪ್ಪು ಆಗೇತ್ರಿ," ಎಂದ ಕಾಂತೇಶ ತಲೆ ತಗ್ಗಿಸಿ. "ಮೂರೂ ಬಿಲ್ ಒಮ್ಮೆಲೇ ಮಾಡಬಹುದಿತ್ತು. ನಾನ ನಿಮ್ಮನ್ನ ಹಿಂದಕ್ಕ ಕಳಸ್ತಿದ್ದೆ. ಮೂರು ಸಲ ನೋಡಾಕ."

ಏನಾಯಿತೋ, ಅಂಗಾಲಿನಿಂದ ನೆತ್ತಿಯವರೆಗೆ ಸಿಟ್ಟು ಏರಿತು.

"ಆರು ತಿಂಗಳು!" ಎಂದೆ. "ಐದು ಲೀಟರ್ ಡಬ್ಬಿ ಹಿಡ್ಕೊಂಡು ನನ್ನ ಕೈ ಬಿದ್ದು ಹೋಗತಿತ್ತು! ಬಾಯಿಬಿಟ್ಟು ಒಂದು ಮಾತು ಕೇಳಾಕ ನಿಮಗೇನು ಧಾಡಿ ಆಗಿತ್ತು?"

ಇಡೀ ಮಾರ್ಟು ತಿರುಗಿ ನೋಡಿತು. ನಾನು ಕೂಗುತ್ತಿದ್ದೆ. ಕೂಗುತ್ತ ಕೂಗುತ್ತ ಕಣ್ಣಲ್ಲಿ ನೀರು ಬಂತು, ಮೂಗಲ್ಲೂ ಬಂತು.

"ಈಗ ಕೇಳ್ತೀನ್ರಿ," ಎಂದ ಅವನು. "ನನ್ನ ಮದುವಿ ಆಗ್ತೀರೇನ್ರಿ?"

ವೈನಿ ನನ್ನ ರಟ್ಟೆ ಹಿಡಿದಳು. "ನಡಿ ಮನಿಗೆ. ಮಾತು ಕೊಟ್ಟೀವಿ. ತವರಾಗ ನಾ ಹೆಂಗ ಮುಖ ತೋರಸ್ಲಿ, ಪ್ರಶಾಂತಿ?"

ಅವಳು ಹೇಳಿದ್ದು ಸುಳ್ಳಲ್ಲ. ಆದರೆ ಹೂಂ ಎಂದವಳು ನಾನು. ಒಲ್ಲೆ ಎನ್ನಬೇಕಾದವಳೂ ನಾನೇ. ಅಲ್ಲಿಯೇ ನಿಂತು ಗದ್ವಾಲಕ್ಕೆ ಫೋನ್ ಹಚ್ಚಿದೆ.

"ನಾನ್ರೀ, ಪ್ರಶಾಂತಿ. ನನಗ ಈ ಮದುವಿ ಬ್ಯಾಡ್ರಿ. ತಪ್ಪು ನಂದು, ನಮ್ಮ ವೈನಿದು ಏನೂ ಇಲ್ಲ."

ಆ ಕಡೆ ಮಗ್ಗದ ಸದ್ದು ನಿಂತಿತು.

"ಛಲೋ ಆತು ಬಿಡ್ರಿ," ಎಂದರು ಶಂಕರಯ್ಯ. "ಅವತ್ತು ನೀವು ಹೂಂ ಅಂದದ್ದು ಕೇಳಿ ನನಗ ಭಯ ಆಗಿತ್ತು. ಜೀವ ಇದ್ದವರು ಅಂದಂಗ ಇರ್ಲಿಲ್ಲ. ಪೆಂಟಮ್ಮಗ ಫೋನ್ ಕೊಡ್ರಿ, ನಾ ಹೇಳ್ತೀನಿ."

ಕೊಟ್ಟೆ. ಕಾಂತೇಶ ಇನ್ನೂ ಕೈಕಟ್ಟಿ ನಿಂತೇ ಇದ್ದ.

"ನಾಳೆ ಮನಿಗೆ ಬಂದು ಅಣ್ಣಗ ಕೇಳ್ರಿ," ಎಂದೆ. "ಬೈತಾನ, ಬೈಸ್ಕೋರಿ. ನಾ ಅಲ್ಲೇ ಇರ್ತೀನಿ. ಹೂಂ ಅಂತೀನಿ."

ಸಾಮಾನು ಅಲ್ಲೇ ಬಿಟ್ಟು ಹೊರಗೆ ಬಂದೆ. ಅಣ್ಣ ಏನೆನ್ನುತ್ತಾನೋ, ವೈನಿ ಇನ್ನು ನನ್ನೊಡನೆ ಮಾತಾಡುತ್ತಾಳೋ ಇಲ್ಲವೋ. ಹೆದರಿಕೆಯಾಗುತ್ತಿತ್ತು. ಎಷ್ಟು ದಿನವಾಗಿತ್ತು ನನಗೆ ಹೆದರಿಕೆಯಾಗಿ!