ಕಾರಂಜಿಯ ನಾಲ್ಕನೆಯ ಮುಖ

"ಅಲ್ಲಾಡ್ಬೇಡ ಅಂದ್ನಲ್ಲಾ! ಬಾಯಿ ತೆರಿ. ಹ್ಞಾ, ಹಂಗೇ."

ಸಿಲ್ವೆಟ್ ಬಾಯಿ ತೆರೆದಳು, ತಡೆಯಲಾರದೆ ಫಕ್ಕನೆ ನಕ್ಕಳು. ಗಾಸ್ಪಾರ್ ಉಳಿ ಕೆಳಗಿಟ್ಟು ಹೆಬ್ಬೆರಳಿನಿಂದ ಅವಳ ತುಟಿಯಂಚು ಅಳೆದ. ಅಳತೆಗೆ ಅಷ್ಟು ಹೊತ್ತು ಬೇಕಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು.

ಫ್ರಾನ್ಸಿನ ಮೊಂಬ್ರಿಸೆಲ್ ಊರಿನ ಚೌಕದ ಕಾರಂಜಿಗೆ ಮುನ್ನೂರು ವರ್ಷ. ನಾಲ್ಕು ಕಲ್ಲಿನ ಮುಖಗಳ ಬಾಯಿಂದ ಅದರ ನೀರು ಸುರಿಯುತ್ತದೆ. ನಾಲ್ಕನೆಯದು ಸವೆದುಹೋಗಿ, ಹೊಸದನ್ನು ಕೆತ್ತಲು ಪರವೂರಿಂದ ಬಂದವನು ಗಾಸ್ಪಾರ್. ಊರಿನ ಪದ್ಧತಿ ಊರಿಗೆಲ್ಲ ಗೊತ್ತು: ಶಿಲ್ಪಿ ತಾನು ಮದುವೆಯಾಗುವ ಹುಡುಗಿಯ ಮುಖವನ್ನೇ ಕೆತ್ತಬೇಕು, ಮೊದಲ ಲೋಟ ನೀರು ಅವಳೇ ಕುಡಿಯಬೇಕು. ಅಂಥಾದ್ದರಲ್ಲಿ, ಸಂತೆಯಲ್ಲಿ ಚೀಸ್ ಮಾರುವ ಸಿಲ್ವೆಟ್‌ಳನ್ನು ಎರಡು ತಿಂಗಳು ಎದುರಿಗೆ ಕೂರಿಸಿಕೊಂಡರೆ ಊರು ಏನಂದುಕೊಳ್ಳಬೇಕು? ಅವಳಾದರೂ ಏನಂದುಕೊಳ್ಳಬೇಕು?

"ಕಲ್ಲು ತೋರಿಸೋದೇ ಇಲ್ವಲ್ಲೋ. ನನ್ನ ಮೂಗು ಸೊಟ್ಟ ಮಾಡ್ಬಿಟ್ಟೀಯ, ಹುಷಾರು!"

"ಮೂಗಿನ ಚಿಂತೆ ಬಿಡು. ನಿನ್ನ ಬಾಯಿ ಮುಂದೆ ಮಿಕ್ಕಿದ್ದೇನೂ ನಂಗೆ ಕಾಣಲ್ಲ" ಎಂದು ಅವನು ಮುತ್ತಿಟ್ಟ. ಪೆದ್ದಿ, ಅದನ್ನು ಪ್ರೀತಿ ಎಂದುಕೊಂಡಳು.

ಭಾನುವಾರ ಚೌಕದಲ್ಲಿ ಜನ ಸೇರಿದರು. ಮೇಯರ್ ಹೊಸ ಮುಖದ ಮುಸುಕು ಎಳೆದು ತೆಗೆದರು. ಬ್ರೆಡ್ ಅಂಗಡಿಯ ಓಡೆಟ್ ಅಜ್ಜಿ ಸಿಲ್ವೆಟ್ ಕೈಗೆ ಲೋಟ ತುರುಕಿ, "ಹೋಗೇ, ನಾಚ್ಕೊಂಡಿದ್ದು ಸಾಕು!" ಎಂದು ಮುಂದಕ್ಕೆ ತಳ್ಳಿದಳು.

ಸಿಲ್ವೆಟ್ ತಲೆಯೆತ್ತಿದಳು. ಬಾಯಿ ಅವಳದೇ. ಕಣ್ಣು ಅವಳದಲ್ಲ, ಮೂಗು ಅವಳದಲ್ಲ, ಗಲ್ಲದ ಗುಳಿಯಂತೂ ಅಲ್ಲವೇ ಅಲ್ಲ.

"ಯಾರೋ ಇವಳು?"

ಗಾಸ್ಪಾರ್ ಟೋಪಿ ಹಿಂಡುತ್ತ ನಿಂತ. "ಬ್ಲಾಂದಿನ್... ನಮ್ಮೂರವಳು. ಸೆಪ್ಟೆಂಬರಲ್ಲಿ ಮದುವೆ. ಅವಳ ಫೋಟೋದಲ್ಲಿ ಬಾಯಿ ಮುಚ್ಚಿತ್ತು ಸಿಲ್ವೆಟ್. ನೀರು ಬರೋಕೆ ತೆರೆದ ಬಾಯಿ ಬೇಕಿತ್ತು."

"ಓಹೋ, ಬಾಯಿ ಬೇಕಿತ್ತು! ಹಂಗಾದ್ರೆ ಮುತ್ತು ಯಾಕೋ ಕೊಟ್ಟೆ? ಅದೂ ಅಳತೆಗಾ?"

ಅವನು ನಂಬಿಸಿ ಕತ್ತು ಕೊಯ್ದಿದ್ದ, ಅದೂ ಊರೆಲ್ಲ ನೋಡುವಂತೆ.

ಅವಳು ಲೋಟವನ್ನು ನೀರಿಗೆ ಹಿಡಿದಳು. ತುಂಬಿಸಿ ಅವನ ಕೈಗಿಟ್ಟಳು.

"ತಗೋ, ನೀನೇ ಕುಡಿ. ಆ ಬಾಯಿ ನಿಂಗೆ ರೂಢಿ ಇದೆಯಲ್ಲ."

ಅವಳ ಹಿಂದೆ ಹೋಗುವ ಅವಸರದಲ್ಲಿ ನೀರೆಲ್ಲ ಅವನ ಅಂಗಿಯ ಮೇಲೆ ಚೆಲ್ಲಿತು. "ಸಿಲ್ವೆಟ್, ಒಂದ್ನಿಮಿಷ..." ಎಂದ. ಅವಳು ತಿರುಗಿ ನೋಡಲಿಲ್ಲ.

ಚೌಕದ ಅಂಚಿನಲ್ಲಿದ್ದ ತನ್ನ ಚೀಸಿನ ಮೇಜನ್ನು ದರದರ ಎಳೆದು ಕಾರಂಜಿಗೆ ಬೆನ್ನು ಹಾಕಿ ಕೂತಳು. ಅಜ್ಜಿ ಬಂದು ಪಕ್ಕದಲ್ಲಿ ನಿಂತ ಮೇಲೆ ಅಳು ಒತ್ತರಿಸಿ ಬಂತು. ಬೆನ್ನ ಹಿಂದೆ ಅವಳದೇ ಬಾಯಿ, ಇನ್ನೊಬ್ಬಳ ಮುಖದಲ್ಲಿ, ನೀರು ಸುರಿಸುತ್ತಲೇ ಇತ್ತು.